ಅಪ್ಪನ ಉದ್ಯೋಗ: ಮೆಕ್ಯಾನಿಕ್

ಅಡ್ಮಿಷನ್ ಸಮಯದಲ್ಲಿ ನಾವೆಲ್ಲ ತುಂಬುವ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದು ಒಂದು ಕಾಲಂ ಇರುತ್ತದೆ. ಗ್ಯಾರೇಜ್ ನಡೆಸುವವರ ಮಕ್ಕಳು ಅಲ್ಲಿ ಏನು ಬರೆಯುತ್ತಾರೆ ಎಂದು ಗಮನಿಸಿದ್ದೀರಾ? ‘ಬಿಸಿನೆಸ್’ ಎನ್ನುತ್ತಾರೆ. ಸ್ವಲ್ಪ ಕನ್ನಡ ಅಭಿಮಾನ ಇದ್ದವರು ‘ಸ್ವಂತ ಉದ್ಯೋಗ’ ಎನ್ನುತ್ತಾರೆ. ನನ್ನ ಕ್ಲಾಸಿನಲ್ಲಿ ‘ಮೆಕ್ಯಾನಿಕ್’ ಎಂದು ನೇರವಾಗಿ ಬರೆದವರು ನಾನು ಮತ್ತು ಇನ್ನೊಬ್ಬರು, ಇಬ್ಬರೇ. ಗ್ಯಾರೇಜಿನ ಮನೆಗಳಿಂದ ಬಂದವರು ಮಾತ್ರ ಕಡಿಮೆ ಎಂದರೂ ಹತ್ತು ಜನ ಇದ್ದೇವೆ.

ಇದಕ್ಕೆ ಕಾರಣ ಗೊತ್ತಿಲ್ಲದ್ದೇನಲ್ಲ. ‘ಸರಿಯಾಗಿ ಓದದಿದ್ದರೆ ಪಂಕ್ಚರ್ ಹಾಕ್ತಾ ಕೂರಬೇಕಾಗುತ್ತೆ’ ಎಂಬ ಮಾತನ್ನು ನಾವು ಒಂದನೇ ಕ್ಲಾಸಿನಿಂದ ಕೇಳಿಕೊಂಡು ಬಂದಿದ್ದೇವೆ. ಹೊರಗಿನವರು ನಮ್ಮ ಸಮುದಾಯವನ್ನು ಹೀಯಾಳಿಸಬೇಕೆಂದಾಗ ಮೊದಲು ಬಾಯಿಗೆ ಬರುವುದೂ ಪಂಕ್ಚರ್ ಅಂಗಡಿಯೇ. ಅವರು ಹೇಳಿದಾಗ ಸಿಟ್ಟು ಬರುತ್ತದೆ. ಆದರೆ ಅದೇ ಮಾತು ನಮ್ಮ ಮನೆಗಳಲ್ಲಿ, ನಮ್ಮ ಕ್ಲಾಸುಗಳಲ್ಲಿ ಹಿತವಚನದ ಹಾಗೆ ಓಡಾಡುತ್ತಿರುವುದಕ್ಕೆ ಯಾರಿಗೂ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ.

ಈ ಲೇಖನ ಹಳೆಯ ಮೋಟಾರ್ ಸೈಕಲ್ಲುಗಳನ್ನು ಮನೆಯ ಶೆಡ್ಡಿನಲ್ಲಿ ಬಿಚ್ಚಿ, ಮತ್ತೆ ಜೋಡಿಸಿ, ಓಡುವಂತೆ ಮಾಡುವ ಕೆಲಸದ ಬಗ್ಗೆ. ಅದನ್ನು ಶ್ರೀಮಂತರ ಹವ್ಯಾಸ ಎಂದು ತಿಳಿದವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮೈಸೂರಿನ ಮಟ್ಟಿಗೆ ಇದು ಒಂದು ವಿದ್ಯೆ. ಆ ವಿದ್ಯೆ ಪೂರ್ತಿ ಗೊತ್ತಿರುವವರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಅವರಿಗೆ ವಯಸ್ಸಾಗಿದೆ, ಅವರಿಂದ ಕಲಿಯುವವರು ಯಾರೂ ಇಲ್ಲ. ಕಲಿಯಬೇಕಾದವರು ನಾವು, ಅದರಲ್ಲೂ ಸೈನ್ಸ್ ತೆಗೆದುಕೊಂಡವರು.

ಮೈಸೂರಿನ ಮಟ್ಟಿಗೆ ಎಂದು ಯಾಕೆ ಹೇಳಿದೆ ಎಂದರೆ, ಜಾವಾ ಮತ್ತು ಯೆಜ್ಡಿ ನಮ್ಮ ಊರಿನವು. ಜಾವಾ ಹುಟ್ಟಿದ್ದು 1929ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ ‘ಜಾವಾ’ ಆಯಿತು. 1960ರಲ್ಲಿ ಇರಾನಿ ಕುಟುಂಬದ ಪಾರ್ಸಿಗಳು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪಿಸಿದರು. 1961ರಿಂದ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಗೆ ಬರತೊಡಗಿದವು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯವರು ಜಾವಾ ಹೆಸರನ್ನು ಮತ್ತೆ ತಂದರು, 2022ರಲ್ಲಿ ಯೆಜ್ಡಿಯನ್ನೂ ತಂದರು. ಆದರೆ ಆ ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಕೂಡ ಪೂರ್ತಿ ಬೇರೆ. ಹೆಸರು ಒಂದೇ ಎಂದ ಮಾತ್ರಕ್ಕೆ ಹಳೆಯ ಗಾಡಿಯ ಸ್ಪೇರ್ ಹೊಸ ಶೋರೂಮಿನಲ್ಲಿ ಸಿಗುವುದಿಲ್ಲ.

ಈಗ ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಆಚರಿಸುತ್ತಾರೆ. ಮೈಸೂರು, ಬೆಂಗಳೂರುಗಳಲ್ಲಿ ಹಳೆಯ ಜಾವಾ ಯೆಜ್ಡಿಗಳು ಸಾಲುಗಟ್ಟಿ ಬರುತ್ತವೆ. ಮರೂನ್ ಬಣ್ಣ, ಟ್ಯಾಂಕಿನ ಪಕ್ಕಕ್ಕೆ ಮಿಂಚುವ ಕ್ರೋಮ್, ಎರಡು ಉದ್ದನೆಯ ಸೈಲೆನ್ಸರ್, ಆ ವಿಶಿಷ್ಟ ಸದ್ದು. ನೋಡುವುದಕ್ಕೆ ಹಬ್ಬ. ಪೇಪರಿನಲ್ಲಿ ಫೋಟೋ ಬರುತ್ತದೆ, ಮಾಲೀಕರ ಹೆಸರು ಬರುತ್ತದೆ, ಅವರ ಅಜ್ಜ ಗಾಡಿ ಕೊಂಡ ಕಥೆ ಬರುತ್ತದೆ. ಆ ಗಾಡಿಯ ಕ್ರ್ಯಾಂಕ್ ಬಿಚ್ಚಿ ಜೋಡಿಸಿದವರು ಯಾರು ಎಂದು ಎಲ್ಲೂ ಬರುವುದಿಲ್ಲ. ಮಾಲೀಕರನ್ನು ನಾನು ದೂರುತ್ತಿಲ್ಲ. ಅವರು ಪ್ರೀತಿಯಿಂದ ದುಡ್ಡು ಹಾಕದಿದ್ದರೆ ಅವೆಲ್ಲ ಎಂದೋ ಗುಜರಿ ಸೇರುತ್ತಿದ್ದವು. ಆದರೆ ನಮ್ಮ ಅಪ್ಪಂದಿರ ಉದ್ಯೋಗವನ್ನು ನಾವೇ ಬರೆಯದಿದ್ದ ಮೇಲೆ ಪೇಪರಿನವರು ಯಾಕೆ ಬರೆಯುತ್ತಾರೆ?

ನಮ್ಮ ಮನೆಯಲ್ಲಿ ದಾದಾ 1970ರಲ್ಲಿ ಕೊಂಡ ಜಾವಾ 250 ಇದೆ. ಕೆಎ ಸರಣಿ ಬರುವುದಕ್ಕಿಂತ ಎಷ್ಟೋ ಮೊದಲಿನ, ‘ಎಂವೈ’ಯಿಂದ ಶುರುವಾಗುವ ನಂಬರು. ದಾದಾ ತೀರಿಕೊಂಡ ಮೇಲೆ ಅದು ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಹಳೆ ಟೈರು, ಅಕ್ಕಿ ಚೀಲ, ಒಂದು ಮುರಿದ ಕೂಲರ್. ಅಬ್ಬಾ ದಿನವಿಡೀ ಊರವರ ಗಾಡಿ ರಿಪೇರಿ ಮಾಡಿ ಬರುವವರು, ಸ್ವಂತ ಗಾಡಿ ಮುಟ್ಟುವುದಕ್ಕೆ ಅವರಿಗೆ ಪುರಸೊತ್ತಿರಲಿಲ್ಲ. ನನ್ನ ಫಸ್ಟ್ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅದನ್ನು ಹೊರಗೆ ಎಳೆದೆವು. ನಾನು, ಅಬ್ಬಾ, ನನ್ನ ಆಪಾ, ಮತ್ತು ಅಬ್ಬಾಗೆ ಕೆಲಸ ಕಲಿಸಿದ ಉಸ್ತಾದ್. ಉಸ್ತಾದರಿಗೆ ಎಪ್ಪತ್ತು ದಾಟಿದೆ. ಯಾದವಗಿರಿಯ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸ ಮಾಡುತ್ತಿದ್ದವರು, ಬಾಗಿಲು ಮುಚ್ಚಿದ ಮೇಲೆ ಗ್ಯಾರೇಜ್ ಹಾಕಿದವರು. ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಮಂಡಿ ನೋವು. ಅವರಿಗೆ ಕುರ್ಚಿ ಹಾಕಿ ಕೊಟ್ಟೆವು. ಅವರು ಕೂತು ಹೇಳಿದ್ದನ್ನು ನಾವು ಮಾಡಿದೆವು.

ಜಾವಾದ ಎಂಜಿನ್ ಟು ಸ್ಟ್ರೋಕ್. ಒಂದೇ ಸಿಲಿಂಡರ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಮೇಲೆ ಕೆಳಗೆ ಓಡಾಡುತ್ತಾ ಮುಚ್ಚಿ ತೆರೆಯುತ್ತದೆ. ಕಿಕ್ ಹೊಡೆಯುವ ಲಿವರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆ. ಗೇರ್ ಹಾಕಲು ಅದನ್ನು ಒತ್ತಿದರೆ ಕ್ಲಚ್ ಕೂಡ ತಾನೇ ಬಿಡುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡಿಸಿದವನ ತಲೆಗೆ ಸಲಾಂ ಹೊಡೆಯಬೇಕು. ಪುಸ್ತಕದಲ್ಲಿ ಹೀಟ್ ಎಂಜಿನ್ ಎಂದರೆ ಎರಡು ಡಬ್ಬಿ, ಮಧ್ಯೆ ಒಂದು ವೃತ್ತ, ಮೂರು ಬಾಣ. ಅದನ್ನೇ ಕೈಯಲ್ಲಿ ಹಿಡಿದರೆ ಎಷ್ಟು ತೂಕ ಇರುತ್ತದೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಬಿಚ್ಚುವ ಮೊದಲು ಪ್ರತಿಯೊಂದನ್ನೂ ಫೋಟೋ ತೆಗೆಯಬೇಕು. ಇದು ಆಪಾ ಹಾಕಿದ ನಿಯಮ, ಉಸ್ತಾದರದ್ದಲ್ಲ. ಉಸ್ತಾದರಿಗೆ ಫೋಟೋ ಬೇಡ, ಯಾವ ಬೋಲ್ಟು ಯಾವ ತೂತಿನದು ಎಂದು ಬೆರಳಿಗೇ ಗೊತ್ತು. ನಮಗೆ ಗೊತ್ತಿಲ್ಲವಲ್ಲ. ಐಸ್‌ಕ್ರೀಂ ಡಬ್ಬಿಗಳಲ್ಲಿ ನಟ್ಟು ಬೋಲ್ಟು ಹಾಕಿ, ಮೇಲೆ ಚೀಟಿ ಅಂಟಿಸಿ, ಗೋಡೆಯ ಪಕ್ಕ ಸಾಲಾಗಿ ಇಟ್ಟೆವು. ತುಕ್ಕು ಹಿಡಿದು ಕೂತ ಬೋಲ್ಟಿಗೆ ಒಂದು ರಾತ್ರಿ ಡೀಸೆಲ್, ಆಮೇಲೆ ಬಿಸಿ, ಆಮೇಲೂ ಬರದಿದ್ದರೆ ಇನ್ನೊಂದು ರಾತ್ರಿ ಡೀಸೆಲ್. ‘ಜೋರು ಮಾಡಿದ್ರೆ ತಲೆ ಮುರಿಯುತ್ತೆ ಬೇಟಾ, ನಿಂದಲ್ಲ, ಬೋಲ್ಟಿಂದು’ ಎನ್ನುತ್ತಿದ್ದರು ಉಸ್ತಾದ್.

ಕ್ರ್ಯಾಂಕ್‌ಕೇಸಿನಿಂದ ಬೇರಿಂಗ್ ತೆಗೆಯುವಾಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೇಸು ಅಲ್ಯೂಮಿನಿಯಂ, ಬೇರಿಂಗ್ ಸ್ಟೀಲ್. ಸುತ್ತಿಗೆಯಲ್ಲಿ ಹೊಡೆದರೆ ಕೇಸು ಸೀಳುತ್ತದೆ. ಉಸ್ತಾದ್ ಕೇಸನ್ನು ಹಾಟ್ ಪ್ಲೇಟಿನ ಮೇಲೆ ಇಡಿಸಿದರು. ನೀರು ಚಿಮುಕಿಸಿದಾಗ ಹನಿ ಕುಣಿಯಬೇಕು, ಅಷ್ಟು ಬಿಸಿ. ಆಮೇಲೆ ಮರದ ಹಲಗೆಯ ಮೇಲೆ ಒಮ್ಮೆ ತಟ್ಟಿದ್ದಷ್ಟೇ, ಬೇರಿಂಗ್ ತಾನಾಗಿ ಕೆಳಗೆ ಬಿತ್ತು. ಹೊಸ ಬೇರಿಂಗ್ ಕೂರಿಸುವಾಗ ಅದನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ಇಡಬೇಕು. ಅಮ್ಮಿ ಮಟನ್ ಡಬ್ಬಿಯ ಪಕ್ಕ ಬೇರಿಂಗ್ ನೋಡಿ ಏನು ಹೇಳಿದರು ಎಂಬುದು ಇಲ್ಲಿ ಬೇಡ. ಬೆಳಿಗ್ಗೆ ಬಿಸಿ ಕೇಸಿನೊಳಗೆ ತಣ್ಣನೆಯ ಬೇರಿಂಗ್ ಸದ್ದಿಲ್ಲದೆ ಇಳಿಯಿತು. ನಾನು ಆ ರಾತ್ರಿ ಲೆಕ್ಕ ಹಾಕಿದೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹಿಗ್ಗುವುದು ಹತ್ತು ಲಕ್ಷದಲ್ಲಿ ಸುಮಾರು 23 ಪಾಲು, ಸ್ಟೀಲ್ ಸುಮಾರು 12 ಪಾಲು. 50 ಮಿ.ಮೀ. ಅಗಲದ ತೂತು ಇದೆ ಎಂದುಕೊಳ್ಳಿ. 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದು 0.11 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಅಗಲವಾಗುತ್ತದೆ. ಬಿಗಿಯಾಗಿದ್ದ ಬೇರಿಂಗ್ ಬೀಳಲು ಅದು ಧಾರಾಳ ಸಾಕು. ಮರುದಿನ ಲೆಕ್ಕ ತೋರಿಸಿದಾಗ ಉಸ್ತಾದ್ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ‘ಹೌದಾ? ನಾವು ನೀರು ಕುಣಿಯೋದು ನೋಡ್ತಿದ್ವಿ’ ಎಂದರು.

ಇದೇ ನಾನು ಹೇಳಬೇಕೆಂದಿರುವ ವಿಷಯ. ಅವರ ಬಳಿ ಫಲಿತಾಂಶ ಇದೆ, ನಮ್ಮ ಬಳಿ ಸೂತ್ರ ಇದೆ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೂರುವುದಿಲ್ಲ.

ಇನ್ನೊಂದು ಉದಾಹರಣೆ ಪಾಯಿಂಟ್ ಸೆಟ್ ಮಾಡುವುದು. ಈಗಿನ ಗಾಡಿಗಳಲ್ಲಿ ಇದೆಲ್ಲ ಎಲೆಕ್ಟ್ರಾನಿಕ್, ನೋಡಲು ಏನೂ ಇಲ್ಲ. ಹಳೆಯ ಜಾವಾದಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಕ್ಯಾಮ್ ಎರಡು ಚಿಕ್ಕ ಪಾಯಿಂಟುಗಳನ್ನು ಬಿಡಿಸುತ್ತದೆ. ಬಿಡಿಸಿದ ಕ್ಷಣ ಕಾಯಿಲಿನ ಪ್ರೈಮರಿಯಲ್ಲಿ ಕರೆಂಟ್ ನಿಲ್ಲುತ್ತದೆ, ಅಯಸ್ಕಾಂತ ಕ್ಷೇತ್ರ ಕುಸಿಯುತ್ತದೆ, ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಶುರುವಾಗುವುದು ಬರೀ 6 ವೋಲ್ಟ್ ಬ್ಯಾಟರಿಯಿಂದ. ಸೆಕೆಂಡ್ ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡುವ ಇಂಡಕ್ಷನ್ ಪಾಠ ಪೂರ್ತಿ ಇಲ್ಲಿದೆ. ಪಾಯಿಂಟಿನ ಪಕ್ಕದಲ್ಲಿ ಕೂತ ಕಂಡೆನ್ಸರ್ ನಮ್ಮ ಕೆಪಾಸಿಟರ್ ಪಾಠ. ಅದು ಹೋಗಿದ್ದರೆ ಪಾಯಿಂಟಿನಲ್ಲಿ ಕಿಡಿ ಹಾರಿ ಕಪ್ಪಾಗುತ್ತದೆ, ಗಾಡಿ ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಉಸ್ತಾದ್ ಕಣ್ಣು ಮಂಜಾದರೂ ಬೆರಳಿನಲ್ಲಿ ತಿರುಗಿಸಿ ನೋಡಿ ‘ಬಸ್’ ಎಂದರು. ಫೀಲರ್ ಗೇಜ್ ಹಾಕಿದೆ. 0.40ರ ಎಲೆ ಹೋಯಿತು, 0.45ರ ಎಲೆ ಹೋಗಲಿಲ್ಲ. ಲ್ಯಾಬಿನಲ್ಲಿ ಸ್ಕ್ರೂ ಗೇಜಿನಿಂದ ತಂತಿಯ ದಪ್ಪ ಅಳೆದು, ಪಕ್ಕದವರ ರೀಡಿಂಗ್ ನೋಡಿ ನಮ್ಮದನ್ನು ತಿದ್ದಿಕೊಳ್ಳುವವರಿಗೆಲ್ಲ ಇದನ್ನು ಹೇಳಬೇಕೆನಿಸಿತು.

ಟೈಮಿಂಗ್ ನೋಡುವ ರೀತಿ ಇನ್ನೂ ಸೊಗಸು. ಪ್ಲಗ್ ತೆಗೆದು ಆ ತೂತಿನಲ್ಲಿ ಸೈಕಲ್ಲಿನ ಕಡ್ಡಿ ಇಳಿಬಿಟ್ಟು ಪಿಸ್ಟನ್ ಮೇಲಿನ ತುದಿ ತಲುಪುವ ಜಾಗ ಗುರುತು ಮಾಡಬೇಕು. ಪಾಯಿಂಟುಗಳ ಮಧ್ಯೆ ಬೀಡಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಬೇಕು. ಕಾಗದ ಸಡಿಲವಾದ ಕ್ಷಣವೇ ಕಿಡಿಯ ಕ್ಷಣ. ಆಗ ಕಡ್ಡಿ ಎಷ್ಟು ಕೆಳಗಿದೆ ಎಂದು ನೋಡಿದರೆ ಟೈಮಿಂಗ್ ಸಿಕ್ಕಿತು. ಖರ್ಚು ಏನೂ ಇಲ್ಲ.

ಟ್ಯಾಂಕಿನ ತುಕ್ಕನ್ನು ಮಾತ್ರ ನಮ್ಮ ಕೆಮಿಸ್ಟ್ರಿ ತೆಗೆಯಿತು. ಉಸ್ತಾದರ ಕಾಲದ ಉಪಾಯ ಒಳಗೆ ಜಲ್ಲಿಕಲ್ಲು ಹಾಕಿ ಗಂಟೆಗಟ್ಟಲೆ ಅಲುಗಾಡಿಸುವುದು. ನಾವು ಎಲೆಕ್ಟ್ರಾಲಿಸಿಸ್ ಮಾಡಿದೆವು. ಟ್ಯಾಂಕನ್ನು ಸೋಪು ನೀರಿನಲ್ಲಿ ಹಲವು ಸಲ ತೊಳೆದು ಪೆಟ್ರೋಲಿನ ವಾಸನೆಯೂ ಇಲ್ಲದಂತೆ ಮಾಡಿ, ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ, ಬಾಯಿಯ ಮೂಲಕ ಒಂದು ಕಬ್ಬಿಣದ ಸರಳನ್ನು ಟ್ಯಾಂಕಿಗೆ ಎಲ್ಲೂ ತಾಗದಂತೆ ಇಳಿಬಿಟ್ಟೆವು. ಬ್ಯಾಟರಿ ಚಾರ್ಜರಿನ ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಸರಳಿಗೆ. ಮಾಡುವವರಿಗೆ ಮೂರು ಎಚ್ಚರಿಕೆ ಹೇಳಲೇಬೇಕು. ಬಯಲಿನಲ್ಲೇ ಮಾಡಿ, ಏಕೆಂದರೆ ಗುಳ್ಳೆಗಳಲ್ಲಿ ಹೈಡ್ರೋಜನ್ ಬರುತ್ತದೆ, ಹತ್ತಿರ ಬೆಂಕಿ ಬೇಡ. ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡವೇ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಎರಡು ದಿನದ ನಂತರ ತುಕ್ಕು ಕಪ್ಪು ಕೆಸರಾಗಿ ಬಿಟ್ಟು ಬಂತು. ಉಸ್ತಾದ್ ಟಾರ್ಚ್ ಹಾಕಿ ಒಳಗೆ ನೋಡಿ ಏನೂ ಹೇಳಲಿಲ್ಲ. ಆದರೆ ಮುಂದಿನ ವಾರ ಅವರ ಪರಿಚಯದವರೊಬ್ಬರು ಇನ್ನೊಂದು ಟ್ಯಾಂಕು ಹಿಡಿದು ನಮ್ಮ ಮನೆಗೆ ಬಂದರು.

ಇಲ್ಲಿ ಒಂದು ವಿಷಯದಲ್ಲಿ ನನಗೂ ಅಬ್ಬಾಗೂ ಜಗಳ ಇದೆ, ಓದುಗರೇ ತೀರ್ಮಾನ ಮಾಡಲಿ. ಅಬ್ಬಾ ಹೇಳುವುದು, ಗಾಡಿ ಎಂದ ಮೇಲೆ ಹೊಸ ಪೇಂಟ್ ಹೊಡೆಸಬೇಕು, ಎಲ್ಲಾ ಕಡೆ ಕ್ರೋಮ್ ಹಾಕಿಸಬೇಕು, ಶೋರೂಮಿನಿಂದ ಬಂದ ಹಾಗೆ ಕಾಣಬೇಕು. ನಾನು ಒಪ್ಪುವುದಿಲ್ಲ. ಟ್ಯಾಂಕಿನ ಎರಡೂ ಬದಿ ದಾದಾ ಮಂಡಿ ಉಜ್ಜಿ ಉಜ್ಜಿ ಸವೆದಿದೆ. ಮರೂನ್ ಬಣ್ಣ ಬಿಸಿಲಿಗೆ ಕಂದಾಗಿದೆ, ಅದರ ಮೇಲಿನ ಚಿನ್ನದ ಬಣ್ಣದ ಗೆರೆ ಅಲ್ಲಲ್ಲಿ ಅಳಿಸಿದೆ. ಆ ಬಣ್ಣ ಯಾದವಗಿರಿಯಲ್ಲಿ ಹಾಕಿದ್ದು. ಅದನ್ನು ಕೆರೆದು ಹಾಕಿದ ಮೇಲೆ ಯಾವ ಪೇಂಟರೂ ವಾಪಸ್ ತರಲಾರ. ಬ್ರೇಕು, ಟೈರು, ವೈರಿಂಗ್, ಬೇರಿಂಗ್, ಆಯಿಲ್ ಸೀಲ್ ಇವೆಲ್ಲ ಹೊಸದಾಗಲೇಬೇಕು, ಅದು ಜೀವದ ಪ್ರಶ್ನೆ. ಸವೆದ ಸಿಲಿಂಡರನ್ನು ಲೇತಿನಲ್ಲಿ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬೇಕು. ಆದರೆ ಗಟ್ಟಿಯಾಗಿರುವ ಹಳೆಯದನ್ನು ಹಳೆಯದಾಗಿಯೇ ಬಿಡಬೇಕು. ತುಕ್ಕು ಮುಂದುವರಿಯದಂತೆ ಮೇಣ ಸವರಿದರೆ ಸಾಕು. ಸದ್ಯಕ್ಕೆ ಟ್ಯಾಂಕಿಗೆ ಪೇಂಟ್ ಹೊಡೆದಿಲ್ಲ. ಮಡ್‌ಗಾರ್ಡಿನ ವಿಷಯದಲ್ಲಿ ಅಬ್ಬಾ ಗೆದ್ದಿದ್ದಾರೆ.

ಇನ್ನು ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಹಳೆಯ ಗಾಡಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಆರ್‌ಸಿ. ಎಂಜಿನ್ ನಂಬರ್, ಚಾಸಿ ನಂಬರ್ ತಾಳೆಯಾಗಬೇಕು. ಅನುಮಾನ ಇದ್ದರೆ ಆರ್‌ಟಿಒದಲ್ಲಿ ಬಿ-ಎಕ್ಸ್‌ಟ್ರ್ಯಾಕ್ಟ್ ತೆಗೆಸಬೇಕು. ಕಾಗದ ಇಲ್ಲದ ಗಾಡಿ ಎಷ್ಟು ಅಗ್ಗ ಸಿಕ್ಕಿದರೂ ಮುಟ್ಟಬೇಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನಂಬರ್ ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಇದರಲ್ಲೂ ಮೂಲ ರೂಪ ಎಂಬ ಷರತ್ತು ಇರುವುದನ್ನು ಅಬ್ಬಾಗೆ ಓದಿ ಹೇಳಿದ್ದೇನೆ.

ನಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು. ಗೇರ್ ಇರುವ ಗಾಡಿ ಓಡಿಸಲು 18 ತುಂಬಬೇಕು. ಅದಕ್ಕೆ ಮೊದಲು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಮ್ಮ ಕಾಲೇಜಿನ ಗೇಟಿನಿಂದ ಸ್ವಲ್ಪ ದೂರದಲ್ಲಿ, ಲೆಕ್ಚರರುಗಳ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲುವ ಗಾಡಿಗಳ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಸೈಲೆನ್ಸರ್ ತೆಗೆದು ಬೇರೆ ಹಾಕಿಸಿ, ರಾತ್ರಿ ಹತ್ತಕ್ಕೆ ರಿಂಗ್ ರೋಡಿನಲ್ಲಿ ವೀಲಿಂಗ್ ಮಾಡಿ, ಕೊನೆಗೆ ಪೊಲೀಸರು ಆ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೋದಲ್ಲಿ ಬರುವುದು ಗಾಡಿಯ ಮೇಲಿನ ಪ್ರೀತಿ ಎಂದು ನನಗನ್ನಿಸುವುದಿಲ್ಲ. ಗಾಡಿ ಬಿಚ್ಚಿ ಜೋಡಿಸುವುದಕ್ಕೆ ಲೈಸೆನ್ಸ್ ಬೇಕಿಲ್ಲ. ಹದಿನಾರಕ್ಕೂ ಮಾಡಬಹುದು. ಹುಡುಗಿಯರೂ ಮಾಡಬಹುದು. ನಮ್ಮ ಜಾವಾದ ವೈರಿಂಗ್ ಪೂರ್ತಿ ಆಪಾದು, ಅಬ್ಬಾ ಒಂದು ವೈರನ್ನೂ ಮುಟ್ಟಿಲ್ಲ.

ಇದನ್ನು ಒಪ್ಪದವರು ಹೇಳಬಹುದಾದದ್ದು ನನಗೆ ಗೊತ್ತು. ಟು ಸ್ಟ್ರೋಕ್ ಹೊಗೆ ಉಗುಳುತ್ತದೆ. ನಿಜ. ಪೆಟ್ರೋಲಿನ ಜೊತೆ ಆಯಿಲ್ ಸೇರಿಸಿ ಉರಿಸುವ ಎಂಜಿನ್ ಅದು, ಉಸ್ತಾದರ ಲೆಕ್ಕದಲ್ಲಿ ಲೀಟರಿಗೆ 40 ಮಿ.ಲೀ. ಉರಿಯದ ಪೆಟ್ರೋಲ್ ಕೂಡ ಸ್ವಲ್ಪ ಸೈಲೆನ್ಸರಿನಿಂದ ಹಾಗೇ ಹೊರಗೆ ಹೋಗುತ್ತದೆ. ದಿನಾ ಕಾಲೇಜಿಗೆ ಬರಲು ಇದು ತಕ್ಕ ಗಾಡಿ ಅಲ್ಲ, ಬಸ್ಸೇ ವಾಸಿ. ತಿಂಗಳಿಗೆ ಎರಡು ಸಲ ಹೊರಗೆ ತೆಗೆಯುವುದಾದರೆ ತಕರಾರು ಬೇಡ ಎಂಬುದು ನನ್ನ ನಿಲುವು. ಓದುವ ಸಮಯ ಹಾಳು ಎನ್ನುವವರಿಗೆ, ರಜೆಯಲ್ಲಿ ನಾವು ಮೊಬೈಲಿನಲ್ಲಿ ಕಳೆಯುವ ಗಂಟೆಗಳನ್ನು ಲೆಕ್ಕ ಹಾಕಿ ನೋಡಿ ಎನ್ನುತ್ತೇನೆ.

ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಅದನ್ನು ಎತ್ತಿದವರು ಅಬ್ಬಾನೇ. ‘ನಾನು ಗ್ರೀಸಿನಲ್ಲಿ ಕೈ ಹಾಕಿದ್ದು ನೀನು ಹಾಕಬಾರದು ಅಂತ’ ಎಂದರು ಒಂದು ದಿನ. ಅವರ ಬೆನ್ನು ನೋವು, ಚಳಿಗಾಲದಲ್ಲಿ ಪೆಟ್ರೋಲಿಗೆ ಬಿರಿಯುವ ಬೆರಳು, ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಒಂದು ದಿನ ಮಲಗಿದರೆ ಆ ದಿನದ ದುಡಿಮೆ ಇಲ್ಲ. ಎಂಟನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಗ್ಯಾರೇಜಿಗೆ ಹಾಕಿದ ಹುಡುಗರನ್ನು ನಾನೂ ನೋಡಿದ್ದೇನೆ. ‘ಏಯ್ ಛೋಟು’ ಎಂದೇ ಕರೆಸಿಕೊಂಡು ದೊಡ್ಡವರಾದವರು. ಹದಿನಾಲ್ಕರ ಒಳಗಿನವರನ್ನು ಹಾಗೆ ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ, ಅದು ನಿಲ್ಲಲೇಬೇಕು. ಕಾಲೇಜು ಬಿಟ್ಟು ಗ್ಯಾರೇಜ್ ಸೇರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಗ್ಯಾರೇಜಿನ ಕಷ್ಟ ಬೇರೆ, ಗ್ಯಾರೇಜಿನ ವಿದ್ಯೆ ಬೇರೆ. ಕಷ್ಟದಿಂದ ಮಕ್ಕಳು ತಪ್ಪಿಸಿಕೊಳ್ಳಲಿ ಎಂದು ಅಪ್ಪಂದಿರು ವಿದ್ಯೆಯನ್ನೂ ಬಚ್ಚಿಟ್ಟರು. ಮಕ್ಕಳು ಎರಡಕ್ಕೂ ಒಟ್ಟಿಗೆ ನಾಚಿಕೊಂಡರು. ಹಾಗಾಗಿ ಇವತ್ತು ಮೈಸೂರಿನಲ್ಲಿ ಜಾವಾದ ಕ್ರ್ಯಾಂಕನ್ನು ಸರಿಯಾಗಿ ಅಲೈನ್ ಮಾಡುವವರು ಯಾರಿದ್ದಾರೆ ಎಂದು ಕೇಳಿದರೆ ಅಬ್ಬಾ ಬೆರಳು ಮಡಿಸುತ್ತಾರೆ, ಒಂದು ಕೈ ಪೂರ್ತಿ ಮುಗಿಯುವುದಿಲ್ಲ. ಅಂಥವರಲ್ಲಿ ಇಬ್ಬರು ಹೋದ ವರ್ಷ ತೀರಿಕೊಂಡರು. ಅವರು ಏನನ್ನೂ ಬರೆದಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆದ್ದರಿಂದ ಪ್ರಿನ್ಸಿಪಾಲರಿಗೆ, ಫಿಸಿಕ್ಸ್ ಮತ್ತು ಕೆಮಿಸ್ಟ್ರಿ ವಿಭಾಗದವರಿಗೆ ನನ್ನದೊಂದು ಮನವಿ. ನಮ್ಮ ಪ್ರಾಜೆಕ್ಟುಗಳು ಹೇಗೆ ತಯಾರಾಗುತ್ತವೆ ಎಂದು ತಮಗೂ ಗೊತ್ತು. ಸ್ಟೇಷನರಿ ಅಂಗಡಿಯಲ್ಲಿ ರೆಡಿ ಮಾಡೆಲ್ ಸಿಗುತ್ತದೆ, ನೆಟ್ಟಿನಿಂದ ಹತ್ತು ಪುಟ ಪ್ರಿಂಟ್ ಹೊಡೆದು ಸ್ಪೈರಲ್ ಹಾಕಿಸಿದರೆ ಮುಗಿಯಿತು. ಅದರ ಬದಲು ನಾಲ್ಕೈದು ಜನರ ಒಂದೊಂದು ತಂಡ ಒಬ್ಬೊಬ್ಬ ಉಸ್ತಾದರ ಬಳಿ ಹೋಗಲಿ. ಅವರು ಒಂದು ಕೆಲಸ ಮಾಡುವುದನ್ನು ವಿಡಿಯೋ ಮಾಡಲಿ, ಮಾಡಿದ್ದನ್ನು ಅಳೆಯಲಿ, ಅದರ ಹಿಂದಿನ ಸೂತ್ರ ಹುಡುಕಿ ಬರೆಯಲಿ. ವರದಿಯ ಮೊದಲ ಪುಟದಲ್ಲಿ ಗೈಡ್ ಲೆಕ್ಚರರ ಹೆಸರಿನ ಜೊತೆ ಉಸ್ತಾದರ ಹೆಸರೂ ಇರಲಿ. ವರದಿ ಲೈಬ್ರರಿಯಲ್ಲಿ ಉಳಿಯಲಿ. ಸೈಕಲ್ ಸ್ಟ್ಯಾಂಡಿನ ಹಿಂದೆ ಮುರಿದ ಬೆಂಚುಗಳನ್ನು ತುಂಬಿಟ್ಟ ಶೆಡ್ ಒಂದಿದೆ. ಅದರ ಅರ್ಧ ಖಾಲಿ ಮಾಡಿಕೊಟ್ಟರೆ ಅಲ್ಲಿ ಒಂದು ಹಳೆಯ ಎಂಜಿನ್ ಇಡಬಹುದು. ಪೆಟ್ರೋಲ್ ಬೇಡ, ಸ್ಟಾರ್ಟ್ ಮಾಡುವುದೂ ಬೇಡ. ಬಿಚ್ಚಿ ಜೋಡಿಸುವುದಕ್ಕಷ್ಟೇ.

ಎಂಜಿನ್ ಕೊಡಲು ಅಬ್ಬಾ ಒಪ್ಪಿದ್ದಾರೆ. ರೋಡ್‌ಕಿಂಗಿನದು, ಬ್ಲಾಕಿನಲ್ಲಿ ಬಿರುಕು ಬಿಟ್ಟು ಕೆಲಸಕ್ಕೆ ಬಾರದ್ದು, ಆದರೆ ಕಲಿಯಲು ಪೂರ್ತಿಯಾಗಿದೆ. ಸ್ಪ್ಯಾನರ್ ಸೆಟ್ ಒಂದು, ಫೀಲರ್ ಗೇಜ್ ಒಂದು, ಐಸ್‌ಕ್ರೀಂ ಡಬ್ಬಿ ಹನ್ನೆರಡು ನಮ್ಮ ಮನೆಯಿಂದ ತರುತ್ತೇನೆ. ಉಸ್ತಾದರನ್ನು ಕೇಳಿದ್ದೇನೆ. ಶುಕ್ರವಾರ ಆಗುವುದಿಲ್ಲ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರಂತೆ. ಯಾರಾದರೂ ಗಾಡಿಯಲ್ಲಿ ಕರೆದುಕೊಂಡು ಬರಬೇಕು, ಕೂರಲು ಕೈ ಇರುವ ಕುರ್ಚಿ ಬೇಕು, ನೆಲದ ಮೇಲೆ ಕೂರಲು ಮಂಡಿ ಬಿಡುವುದಿಲ್ಲ.